ಕಟ್ಟೆ ಏರಿದ ಉಗಿ ಎಂಜಿನ್ ಮತ್ತೆ ಹಳಿಗಿಳಿಯಬೇಕಾದರೆ

ಸೊಲ್ಲಾಪುರ ಜಿಲ್ಲೆಯ ಕನ್ನಡಿಗರಿಗೆ ರೈಲಿನ ಪರಿಚಯ ಒಂದೂವರೆ ಶತಮಾನಕ್ಕಿಂತ ಹಳೆಯದು. 1860ರಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಬ್ರಾಡ್‌ಗೇಜ್ ಹಳಿ ಸೊಲ್ಲಾಪುರವನ್ನು ಮುಟ್ಟಿತು. 1884ರಲ್ಲಿ ಗದಗದಿಂದ ವಿಜಯಪುರದ ಮೇಲೆ ಹಾದು ಮೀಟರ್‌ಗೇಜ್ ಹಳಿ ಹೋಟಗಿಗೆ ಬಂದು ಸೇರಿತು. 1897ರಲ್ಲಿ ಕುರ್ಡುವಾಡಿಯಿಂದ ಬಾರ್ಶಿಗೆ ಅದಕ್ಕಿಂತಲೂ ಕಿರಿದಾದ ನ್ಯಾರೋಗೇಜ್ ಗಾಡಿ ಹೊರಟಿತು. ಹೀಗೆ ಒಂದೇ ಜಿಲ್ಲೆಯಲ್ಲಿ ಮೂರು ಅಳತೆಯ ಹಳಿಗಳ ಮೇಲೆ ಉಗಿ ಎಂಜಿನ್‌ಗಳು ದಶಕಗಳ ಕಾಲ ದುಡಿದಿವೆ. ಆಷಾಢ ಏಕಾದಶಿಗೆ ‘ಬಾರ್ಶಿ ಲೈಟ್’ ಎಂಬ ಈ ನ್ಯಾರೋಗೇಜ್ ಗಾಡಿಯಲ್ಲಿ ಪಂಢರಪುರಕ್ಕೆ ಹೋಗಿ ಬಂದ ನೆನಪು ಅಕ್ಕಲಕೋಟೆ, ಮಂದ್ರೂಪ, ಜತ್ತದ ಕಡೆಯ ಹಿರಿಯರಲ್ಲಿ ಇನ್ನೂ ಉಳಿದಿದೆ.

ವಿದೇಶಗಳಲ್ಲಿ ಸಂಬಳವಿಲ್ಲದೆ ದುಡಿಯುವ ಜನರು ಗುಜರಿಗೆ ಬಿದ್ದಿದ್ದ ಎಂಜಿನ್‌ಗಳನ್ನು ದುರಸ್ತಿ ಮಾಡಿ ಓಡಿಸುತ್ತಿರುವ ವಿಡಿಯೊಗಳು ಈಚೆಗೆ ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡುತ್ತಿವೆ. ಅವನ್ನು ನೋಡಿದವರೆಲ್ಲ ಸಹಜವಾಗಿ ಒಂದು ಪ್ರಶ್ನೆ ಕೇಳುತ್ತಾರೆ. ನಮ್ಮ ದೇಶದ ಎಷ್ಟೋ ನಿಲ್ದಾಣಗಳ ಎದುರು, ರೈಲ್ವೆ ಕಚೇರಿಗಳ ಅಂಗಳದಲ್ಲಿ ಕಟ್ಟೆಯ ಮೇಲೆ ಬಣ್ಣ ಬಳಿದುಕೊಂಡು ನಿಂತಿರುವ ಎಂಜಿನ್‌ಗಳಿಗೆ ನೀರು ತುಂಬಿ ಕಲ್ಲಿದ್ದಲು ಹಾಕಿದರೆ ಅವು ಓಡುವುದಿಲ್ಲವೇ? ಓಡುವುದಿಲ್ಲ ಎಂಬುದು ಚಿಕ್ಕ ಉತ್ತರ. ಏಕೆ ಓಡುವುದಿಲ್ಲ, ಓಡಿಸಬೇಕಾದರೆ ಏನು ಮಾಡಬೇಕು ಎಂಬುದು ತಿಳಿಯಬೇಕಾದರೆ ಎಂಜಿನ್‌ನ ಒಳಗಿನ ರಚನೆಯನ್ನು ಮೊದಲು ಅರಿಯಬೇಕು.

ಬಾಯ್ಲರಿನ ಒಳಗೆ

ನಮ್ಮ ಕಡೆಯ ಹಳೆಯ ಮನೆಗಳ ಬಚ್ಚಲಿನಲ್ಲಿ ಸ್ನಾನದ ನೀರು ಕಾಯಿಸುವ ತಾಮ್ರದ ಬಂಬ ಇರುತ್ತಿತ್ತು. ಅದರ ನಡುವೆ ಒಂದು ಕೊಳವೆ, ಕೊಳವೆಯ ಬುಡದಲ್ಲಿ ಕೆಂಡ, ಸುತ್ತಲೂ ನೀರು. ಬೆಂಕಿ ಮತ್ತು ಹೊಗೆ ಕೊಳವೆಯ ಒಳಗಿನಿಂದ ಹೋಗುವುದರಿಂದ ನೀರು ಬೇಗನೆ ಕಾಯುತ್ತದೆ. ರೈಲು ಎಂಜಿನ್‌ನ ಬಾಯ್ಲರ್ ಕೂಡ ಇದೇ ತತ್ತ್ವದ್ದು. ಆದರೆ ಅದನ್ನು ಅಡ್ಡ ಮಲಗಿಸಲಾಗಿದೆ, ಒಂದು ಕೊಳವೆಯ ಬದಲು ನೂರಾರು ಕೊಳವೆಗಳಿವೆ, ಮತ್ತು ಉಗಿ ಹೊರಹೋಗದಂತೆ ಎಲ್ಲ ಕಡೆ ಭದ್ರವಾಗಿ ಮುಚ್ಚಲಾಗಿದೆ. ಈ ಮುಚ್ಚಳವೇ ಎಲ್ಲ ವ್ಯತ್ಯಾಸಕ್ಕೂ ಕಾರಣ.

ಡ್ರೈವರ್ ನಿಲ್ಲುವ ಜಾಗದ ಎದುರಿಗೆ ಫೈರ್‌ಬಾಕ್ಸ್ ಇರುತ್ತದೆ. ಇದು ಕಲ್ಲಿದ್ದಲು ಉರಿಯುವ ಲೋಹದ ಕೋಣೆ. ಈ ಕೋಣೆಗೆ ಒಳಗೋಡೆ ಮತ್ತು ಹೊರಗೋಡೆ ಎಂದು ಎರಡು ಗೋಡೆಗಳು. ಅವುಗಳ ನಡುವಿನ ಸಂದಿನಲ್ಲೂ, ಕೋಣೆಯ ಮಾಡಿನ ಮೇಲೂ ನೀರು ನಿಂತಿರುತ್ತದೆ. ಬಿಸಿ ಅನಿಲವು ಫೈರ್‌ಬಾಕ್ಸಿನಿಂದ ನೂರಾರು ಕೊಳವೆಗಳ ಮೂಲಕ ಮುಂದಕ್ಕೆ ಸಾಗಿ, ದಾರಿಯಲ್ಲಿ ನೀರಿಗೆ ಶಾಖ ಕೊಟ್ಟು, ಎಂಜಿನ್‌ನ ಮೂತಿಯಲ್ಲಿರುವ ಸ್ಮೋಕ್‌ಬಾಕ್ಸನ್ನು ತಲುಪಿ, ಅಲ್ಲಿಂದ ಚಿಮಣಿಯ ಮೂಲಕ ಹೊರಬೀಳುತ್ತದೆ. ಬಾಯ್ಲರಿನ ಮೇಲ್ಭಾಗದಲ್ಲಿ ಸಂಗ್ರಹವಾದ ಉಗಿಯನ್ನು ಡ್ರೈವರ್ ಒಂದು ಹಿಡಿಯನ್ನು ಎಳೆದು ಸಿಲಿಂಡರುಗಳಿಗೆ ಬಿಡುತ್ತಾನೆ. ಉಗಿ ಪಿಸ್ಟನ್ನನ್ನು ಹಿಂದಕ್ಕೂ ಮುಂದಕ್ಕೂ ತಳ್ಳುತ್ತದೆ. ಪಿಸ್ಟನ್ನಿಗೆ ಜೋಡಿಸಿದ ಉಕ್ಕಿನ ಸರಳುಗಳು ಗಾಲಿಯನ್ನು ತಿರುಗಿಸುತ್ತವೆ.

ಕೆಲಸ ಮುಗಿಸಿದ ಉಗಿಯನ್ನು ಸುಮ್ಮನೆ ಹೊರಗೆ ಬಿಡುವುದಿಲ್ಲ ಎಂಬುದು ಈ ಯಂತ್ರದ ಅತ್ಯಂತ ಜಾಣತನದ ಅಂಶ. ಅದನ್ನು ಸ್ಮೋಕ್‌ಬಾಕ್ಸಿನೊಳಗೆ, ಚಿಮಣಿಯ ನೇರ ಕೆಳಗಿರುವ ಒಂದು ನಳಿಕೆಯಿಂದ ಮೇಲಕ್ಕೆ ಚಿಮ್ಮಿಸುತ್ತಾರೆ. ಆ ಚಿಮ್ಮುವಿಕೆ ಹೊಗೆಯನ್ನು ತನ್ನೊಂದಿಗೆ ಎಳೆದೊಯ್ಯುತ್ತದೆ, ಹೊಗೆ ಹೊರಟ ಜಾಗಕ್ಕೆ ಫೈರ್‌ಬಾಕ್ಸಿನ ತಳದಿಂದ ಹೊಸ ಗಾಳಿ ನುಗ್ಗುತ್ತದೆ, ಬೆಂಕಿ ಜೋರಾಗುತ್ತದೆ. ಎಂಜಿನ್ ಏರು ಹತ್ತುವಾಗ ಹೆಚ್ಚು ಉಗಿ ಖರ್ಚಾಗುತ್ತದೆ, ಹೆಚ್ಚು ಉಗಿ ಖರ್ಚಾದಷ್ಟೂ ಬೆಂಕಿ ತಾನಾಗಿಯೇ ಹೆಚ್ಚು ಉರಿಯುತ್ತದೆ. ಮಕ್ಕಳು ಆಟದಲ್ಲಿ ಅನುಕರಿಸುವ ‘ಛುಕ್ ಛುಕ್’ ಸದ್ದು ಈ ನಳಿಕೆಯದೇ.

ಒತ್ತಡದ ಲೆಕ್ಕ

ನೀರು ಉಗಿಯಾಗುವಾಗ, ತೆರೆದ ಗಾಳಿಯಲ್ಲಾದರೆ, ಸುಮಾರು 1,600 ಪಟ್ಟು ಹಿಗ್ಗುತ್ತದೆ. ಹಿಗ್ಗಲು ಜಾಗ ಕೊಡದಿದ್ದರೆ ಒತ್ತಡ ಏರುತ್ತದೆ. 1947ರಲ್ಲಿ ಭಾರತಕ್ಕೆ ಮೊದಲು ಬಂದ, ಬ್ರಾಡ್‌ಗೇಜ್ ಪ್ರಯಾಣಿಕ ಗಾಡಿಗಳನ್ನು ಎಳೆಯುತ್ತಿದ್ದ ಡಬ್ಲ್ಯುಪಿ ವರ್ಗದ ಎಂಜಿನ್‌ನ ಬಾಯ್ಲರಿನಲ್ಲಿ ಚದರ ಅಂಗುಲಕ್ಕೆ 210 ಪೌಂಡ್ ಒತ್ತಡ ಇರುತ್ತಿತ್ತು. ಇದನ್ನು ಒಂದು ಚದರ ಅಡಿಗೆ ಲೆಕ್ಕ ಹಾಕಿದರೆ ಹದಿಮೂರು ಟನ್ನಿಗಿಂತ ಹೆಚ್ಚಾಗುತ್ತದೆ. ಬಾಯ್ಲರಿನ ಒಳಮೈಯ ಪ್ರತಿ ಚದರ ಅಡಿಯನ್ನೂ ಅಷ್ಟು ಭಾರ ಹಗಲಿಡೀ ಹೊರಕ್ಕೆ ದೂಡುತ್ತಿರುತ್ತದೆ.

ದುಂಡಾಗಿರುವ ಭಾಗ ಈ ಒತ್ತಡವನ್ನು ತಾಳಿಕೊಳ್ಳುತ್ತದೆ. ಆದರೆ ಫೈರ್‌ಬಾಕ್ಸಿನ ಗೋಡೆಗಳು ಚಪ್ಪಟೆಯಾಗಿರುವುದರಿಂದ ಅವು ಉಬ್ಬಿಬಿಡುವ ಅಪಾಯವಿದೆ. ಅದಕ್ಕಾಗಿ ಒಳಗೋಡೆ ಮತ್ತು ಹೊರಗೋಡೆಯನ್ನು ಬೆರಳು ಗಾತ್ರದ ಲೋಹದ ಮೊಳೆಗಳಿಂದ ಒಂದಕ್ಕೊಂದು ಬಿಗಿದಿರುತ್ತಾರೆ. ಇವುಗಳಿಗೆ ‘ಸ್ಟೇ’ ಎಂದು ಹೆಸರು. ಸುಮಾರು ನಾಲ್ಕು ಅಂಗುಲಕ್ಕೆ ಒಂದರಂತೆ ಅವು ಸಾಲುಸಾಲಾಗಿ ಇರುತ್ತವೆ. ದೊಡ್ಡ ಎಂಜಿನ್‌ನಲ್ಲಿ ಇವುಗಳ ಸಂಖ್ಯೆ ಸಾವಿರ ದಾಟುವುದುಂಟು. ಒಂದೊಂದು ಸ್ಟೇ ಸುಮಾರು ಒಂದೂವರೆ ಟನ್ ಎಳೆತವನ್ನು ಹೊರುತ್ತದೆ. ಒಂದು ತುಂಡಾದರೆ ಅದರ ಹೊರೆ ಅಕ್ಕಪಕ್ಕದವುಗಳ ಮೇಲೆ ಬೀಳುತ್ತದೆ, ಅವೂ ದುರ್ಬಲವಾಗಿದ್ದರೆ ಒಂದರ ಹಿಂದೆ ಒಂದು ಹೋಗುತ್ತವೆ. ಆದ್ದರಿಂದ ಅನೇಕ ಸ್ಟೇಗಳ ನಡುಮಧ್ಯದಲ್ಲಿ ಸೂಜಿಗಾತ್ರದ ರಂಧ್ರ ಕೊರೆದಿಟ್ಟಿರುತ್ತಾರೆ. ಸ್ಟೇ ಮುರಿದರೆ ಆ ರಂಧ್ರದಿಂದ ಉಗಿ ಸೀಟಿಯಂತೆ ಹೊರಬಂದು ಸುಳಿವು ಕೊಡುತ್ತದೆ.

ನೀರಿನ ಮಟ್ಟ ಇಳಿದು ಫೈರ್‌ಬಾಕ್ಸಿನ ಮಾಡು ಬರಿದಾಗುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ನೀರಿಲ್ಲದ ಲೋಹ ನಿಮಿಷಗಳಲ್ಲಿ ಮೆತ್ತಗಾಗುತ್ತದೆ, ಒತ್ತಡ ಅದನ್ನು ಒಳಕ್ಕೆ ಕುಸಿಯುವಂತೆ ಮಾಡುತ್ತದೆ, ಅಷ್ಟರವರೆಗೆ ಒತ್ತಡದಿಂದ ಮಾತ್ರವೇ ನೀರಾಗಿ ಉಳಿದಿದ್ದ ಅತಿ ಬಿಸಿಯಾದ ನೀರಿನ ದೊಡ್ಡ ಪಾಲು ಒಮ್ಮೆಗೇ ಉಗಿಯಾಗಿ ಸಿಡಿಯುತ್ತದೆ. ಇದನ್ನು ತಡೆಯಲು ಮಾಡಿನಲ್ಲಿ ಸೀಸ ತುಂಬಿದ ಒಂದು ಬಿರಡೆ ಇರುತ್ತದೆ. ನೀರು ಇಳಿದರೆ ಸೀಸ ಕರಗಿ, ಉಗಿ ಬೆಂಕಿಯ ಮೇಲೆ ನುಗ್ಗಿ, ಕಲ್ಲಿದ್ದಲು ಹಾಕುವ ಫೈರ್‌ಮನ್‌ನನ್ನು ಎಚ್ಚರಿಸುತ್ತದೆ. ಇಷ್ಟನ್ನು ತಿಳಿದವರಿಗೆ ಹಳೆಯ ಎಂಜಿನ್‌ಗೆ ‘ಒಮ್ಮೆ ಬೆಂಕಿ ಹಾಕಿ ನೋಡೋಣ’ ಎಂಬ ಮಾತು ಏಕೆ ಬಾಯಿಗೂ ಬರಬಾರದೆಂಬುದು ಅರ್ಥವಾಗುತ್ತದೆ.

ನಿಂತ ಎಂಜಿನ್‌ಗೆ ಏನಾಗುತ್ತದೆ?

ಓಡುವ ಎಂಜಿನ್ ಸವೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ನಿಂತ ಎಂಜಿನ್ ಅದಕ್ಕಿಂತ ಕೆಟ್ಟದಾಗಿ ಸವೆಯುತ್ತದೆ. ಬಾಯ್ಲರಿನ ಶಾಖ ಹೊರಗೆ ಹೋಗದಿರಲೆಂದು ಅದರ ಮೈಗೆ ದಪ್ಪನೆಯ ಹೊದಿಕೆ ಹಾಕಿ ಮೇಲೆ ತೆಳು ತಗಡು ಸುತ್ತಿರುತ್ತಾರೆ. ಕಟ್ಟೆಯ ಮೇಲಿನ ಎಂಜಿನ್‌ನಲ್ಲಿ ಮಳೆನೀರು ಈ ತಗಡಿನ ಸಂದುಗಳಿಂದ ಇಳಿದು ಹೊದಿಕೆಯಲ್ಲಿ ಇಂಗಿ ಕೂರುತ್ತದೆ. ಹೊರಗೆ ಕಾಣುವ ತಗಡಿಗೆ ವರ್ಷವರ್ಷವೂ ಕಪ್ಪು ಬಣ್ಣ ಬೀಳುತ್ತದೆ, ಒಳಗಿನ ನಿಜವಾದ ಬಾಯ್ಲರ್ ತಗಡು ತುಕ್ಕು ಹಿಡಿದು ತೆಳ್ಳಗಾಗುತ್ತಲೇ ಇರುತ್ತದೆ. ಸ್ಮೋಕ್‌ಬಾಕ್ಸಿನ ತಳದಲ್ಲಿ ಉಳಿದ ಬೂದಿಯ ಕಥೆ ಇನ್ನೂ ಕೆಟ್ಟದು. ಕಲ್ಲಿದ್ದಲಿನ ಗಂಧಕದ ಅಂಶವಿರುವ ಆ ಬೂದಿಗೆ ತೇವ ತಗಲಿದರೆ ಅದು ಆಮ್ಲವಾಗಿ ಲೋಹವನ್ನು ತಿನ್ನುತ್ತದೆ.

ಹಳೆಯ ಹೊದಿಕೆಗಳಲ್ಲಿ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್, ಇರುವ ಸಾಧ್ಯತೆಯೂ ಹೆಚ್ಚು. ಅದರ ನಾರು ಉಸಿರಿನೊಂದಿಗೆ ಶ್ವಾಸಕೋಶ ಸೇರಿದರೆ ಮಾರಕ ರೋಗ ಬರುತ್ತದೆ. ಅದನ್ನು ತೆಗೆಯುವ ಕೆಲಸಕ್ಕೆ ತರಬೇತಿ ಪಡೆದವರೇ ಬೇಕು; ಉತ್ಸಾಹಿ ಯುವಕರನ್ನು ಭಾನುವಾರ ಕರೆದು ಮಾಡಿಸುವ ಶ್ರಮದಾನವಲ್ಲ ಅದು. ಇನ್ನು ಹಿತ್ತಾಳೆ, ಕಂಚು, ತಾಮ್ರದ ಬಿಡಿಭಾಗಗಳು ಕಟ್ಟೆಯ ಮೇಲೆ ಹೆಚ್ಚು ದಿನ ಉಳಿಯುವುದಿಲ್ಲ. ಏಕೆ ಉಳಿಯುವುದಿಲ್ಲವೆಂದು ವಿವರಿಸಬೇಕಾಗಿಲ್ಲ.

ಬಿಚ್ಚುವುದೇ ಮೊದಲ ಕೆಲಸ

ಪುನಶ್ಚೇತನ ಎಂಬ ಪದ ಕೇಳಿದಾಗ ಜೋಡಿಸುವ ಚಿತ್ರ ಕಣ್ಣೆದುರು ಬರುತ್ತದೆ, ಆದರೆ ಮೊದಲ ವರ್ಷಗಳು ಬಹುತೇಕ ಬಿಚ್ಚುವುದರಲ್ಲೇ ಹೋಗುತ್ತವೆ. ಪ್ರತಿ ಭಾಗದ ಚಿತ್ರ ತೆಗೆದು, ಸಂಖ್ಯೆ ಕೊಟ್ಟು, ಯಾವ ಬೋಲ್ಟ್ ಎಲ್ಲಿಯದೆಂದು ದಾಖಲಿಸಿ, ಚೀಟಿ ಕಟ್ಟಿ ಇಡಬೇಕು. ಅನೇಕ ಬೋಲ್ಟ್‌ಗಳು ತುಕ್ಕಿನಿಂದ ಬೆಸೆದುಕೊಂಡಿರುವುದರಿಂದ ಕಾಯಿಸಿ, ಎಣ್ಣೆ ಬಿಟ್ಟು, ಕೊನೆಗೆ ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ಬಳಿಕ ಕ್ರೇನಿನಿಂದ ಬಾಯ್ಲರನ್ನು ಚೌಕಟ್ಟಿನಿಂದ ಎತ್ತಿ ಕೆಳಗಿಡುತ್ತಾರೆ. ಅಲ್ಲಿಂದ ಎಂಜಿನ್ ಎರಡು ಬೇರೆ ಬೇರೆ ಕೆಲಸಗಳಾಗಿ ಒಡೆಯುತ್ತದೆ. ಒಂದು ಬಾಯ್ಲರಿನದು, ಇನ್ನೊಂದು ಗಾಲಿ ಮತ್ತು ಯಂತ್ರಭಾಗದ್ದು.

ಬಾಯ್ಲರಿನ ಕೊಳವೆಗಳನ್ನೆಲ್ಲ ಹೊರಗೆ ಎಳೆದ ಮೇಲೆಯೇ ಅದರ ಹೊಟ್ಟೆಯೊಳಗೆ ಇಳಿದು ನೋಡಲು ಸಾಧ್ಯ. ಶಬ್ದಾತೀತ ತರಂಗಗಳ ಉಪಕರಣವನ್ನು ತಗಡಿನ ಮೇಲೆ ಅಂಗುಲ ಅಂಗುಲವಾಗಿ ಇರಿಸಿ, ಎಲ್ಲಿ ಎಷ್ಟು ದಪ್ಪ ಉಳಿದಿದೆ ಎಂಬುದರ ನಕ್ಷೆ ಬರೆಯುತ್ತಾರೆ. ತೆಳುವಾದ ಭಾಗವನ್ನು ಕತ್ತರಿಸಿ ಹೊಸ ತಗಡು ಬೆಸೆಯಬಹುದೇ, ಇಡೀ ಫೈರ್‌ಬಾಕ್ಸನ್ನೇ ಬದಲಿಸಬೇಕೇ ಎಂಬ ತೀರ್ಮಾನ ಈ ನಕ್ಷೆಯಿಂದ ಬರುತ್ತದೆ. ಯೋಜನೆಯ ಒಟ್ಟು ಖರ್ಚು ನಿಜವಾಗಿ ತಿಳಿಯುವುದು ಈ ಹಂತದಲ್ಲೇ, ಮತ್ತು ಅನೇಕ ಯೋಜನೆಗಳು ನಿಂತುಹೋಗುವುದೂ ಇಲ್ಲೇ.

ದುರಸ್ತಿ ಮುಗಿದ ಬಾಯ್ಲರಿಗೆ ಮೊದಲು ಬೆಂಕಿ ಹಾಕುವುದಿಲ್ಲ. ಗಾಳಿ ಒಂದಿಷ್ಟೂ ಉಳಿಯದಂತೆ ನೀರು ತುಂಬಿ, ಪಂಪಿನಿಂದ ಕೆಲಸದ ಒತ್ತಡಕ್ಕಿಂತ ಹೆಚ್ಚಿನ ಒತ್ತಡ ಕೊಡುತ್ತಾರೆ. ಅಮೆರಿಕದ ನಿಯಮದಲ್ಲಿ ಇದು ಒಂದೂಕಾಲು ಪಟ್ಟು. ನೀರು ಉಗಿಯಂತೆ ಕುಗ್ಗಿ ಹಿಗ್ಗುವ ವಸ್ತುವಲ್ಲ. ಆದ್ದರಿಂದ ಎಲ್ಲಾದರೂ ಬಿರುಕು ಬಿಟ್ಟರೆ ಅಲ್ಲಿಂದ ನೀರು ಜಿನುಗಿ ಒತ್ತಡ ಕೂಡಲೇ ಬಿದ್ದುಹೋಗುತ್ತದೆ, ಸ್ಫೋಟ ಆಗುವುದಿಲ್ಲ. ಇದರಲ್ಲಿ ಪಾಸಾದ ಮೇಲೆ ಉಗಿಯ ಪರೀಕ್ಷೆ. ಎರಡೂ ಮುಗಿದರೂ ಪ್ರಮಾಣಪತ್ರ ಶಾಶ್ವತವಲ್ಲ. ಹಳೆಯ ಎಂಜಿನ್‌ಗಳನ್ನು ಉಳಿಸಿ ಓಡಿಸುವ ಬ್ರಿಟನ್ನಿನ ಪರಂಪರೆ ರೈಲುಗಳಲ್ಲಿ ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ ಬಾಯ್ಲರನ್ನು ಮತ್ತೆ ಬಿಚ್ಚಿ ನೋಡುತ್ತಾರೆ.

ಕೈ ಮತ್ತು ಕಣ್ಣಿನ ಕೆಲಸ

ಗಾಲಿಗಳ ಕಡೆಯ ಕೆಲಸದಲ್ಲಿ ಅಪಾಯ ಕಡಿಮೆ, ಕುಶಲತೆ ಹೆಚ್ಚು. ಎಂಜಿನ್‌ನ ಎಡ ಮತ್ತು ಬಲ ಬದಿಯ ಪಿಸ್ಟನ್‌ಗಳು ಗಾಲಿಯನ್ನು ಒಂದೇ ಕೋನದಲ್ಲಿ ಹಿಡಿದಿರುವುದಿಲ್ಲ. ಎರಡರ ನಡುವೆ 90 ಡಿಗ್ರಿ ಅಂತರವಿರುತ್ತದೆ. ಹೀಗಿಲ್ಲದಿದ್ದರೆ ಎರಡೂ ಪಿಸ್ಟನ್‌ಗಳು ಒಮ್ಮೆಗೇ ತುದಿಯಲ್ಲಿ ನಿಂತಾಗ ಎಂಜಿನ್ ಹೊರಡಲಾರದೆ ನಿಂತುಬಿಡುತ್ತದೆ. ಎಲ್ಲ ಜೋಡಿ ಗಾಲಿಗಳಲ್ಲೂ ಈ ಕೋನ ಒಂದೇ ಆಗಿರಬೇಕು.

ಅಚ್ಚು ತಿರುಗುವ ಬೇರಿಂಗ್‌ನ ಒಳಮೈಗೆ ‘ವೈಟ್ ಮೆಟಲ್’ ಎಂಬ ಮೆದುವಾದ ಮಿಶ್ರಲೋಹವನ್ನು ಕರಗಿಸಿ ಎರೆಯುತ್ತಾರೆ. ಎರೆದು ಕೊರೆದಷ್ಟಕ್ಕೇ ಕೆಲಸ ಮುಗಿಯುವುದಿಲ್ಲ. ಅಚ್ಚಿನ ನುಣುಪಾದ ಮೈಗೆ ನೀಲಿ ಬಣ್ಣವನ್ನು ಬೆರಳಿನಿಂದ ತೆಳ್ಳಗೆ ಸವರಿ, ಬೇರಿಂಗನ್ನು ಅದರ ಮೇಲೆ ಕೂರಿಸಿ, ತುಸು ತಿರುಗಿಸಿ, ಮತ್ತೆ ಎತ್ತಿ ನೋಡುತ್ತಾರೆ. ನೀಲಿ ಅಂಟಿದ ಚುಕ್ಕೆಗಳೇ ಉಬ್ಬಿರುವ ಜಾಗಗಳು. ಅವನ್ನು ಬಾಗಿದ ಅಲಗಿನ ಕೈಯುಳಿಯಿಂದ ಕೂದಲೆಳೆಯಷ್ಟು ಕೆರೆದು, ಒರೆಸಿ, ಮತ್ತೆ ಕೂರಿಸುತ್ತಾರೆ. ಮೊದಲು ಮೂರು ನಾಲ್ಕು ಕಡೆ ಮಾತ್ರ ಕಾಣುತ್ತಿದ್ದ ನೀಲಿ, ಕೆರೆದಂತೆಲ್ಲ ಮೈತುಂಬ ಹರಡಿದ ಸಣ್ಣ ಚುಕ್ಕೆಗಳಾಗುವವರೆಗೆ ಇದು ನಡೆಯುತ್ತದೆ. ಅವಸರ ಮಾಡಿದರೆ ಓಡುವಾಗ ಬೇರಿಂಗ್ ಕಾದು ವೈಟ್ ಮೆಟಲ್ ಕರಗಿ ಸುರಿಯುತ್ತದೆ.

ಸ್ವಯಂಸೇವಕರೇ ಏಕೆ?

ಇಂಥ ಕೆಲಸಕ್ಕೆ ಲೆಕ್ಕವಿಲ್ಲದಷ್ಟು ಗಂಟೆಗಳು ಬೇಕು. ಅಷ್ಟಕ್ಕೂ ಕೂಲಿ ಕಟ್ಟಿದರೆ ಯಾವ ಪ್ರವಾಸಿ ರೈಲಿನ ಟಿಕೆಟ್ ಹಣದಿಂದಲೂ ಅದು ಹುಟ್ಟುವುದಿಲ್ಲ. ಸ್ವಯಂಸೇವಕರ ಪದ್ಧತಿ ಬೆಳೆದುಬಂದಿರುವುದು ಮುಖ್ಯವಾಗಿ ಈ ಕಾರಣದಿಂದ, ಅಭಿಮಾನ ಆಮೇಲಿನದು.

ಇದರ ಆರಂಭ ವೇಲ್ಸ್‌ನ ಟಾಲಿಥ್ಲಿನ್ ಎಂಬ ಪುಟ್ಟ ರೈಲಿನಲ್ಲಾಯಿತು. ಕಪ್ಪು ಹಾಸುಗಲ್ಲಿನ ಗಣಿಗಾಗಿ 1865ರ ಸುಮಾರಿಗೆ ಹಾಕಿದ್ದ ಆ ಹಳಿ ಮುಚ್ಚುವ ಸ್ಥಿತಿಗೆ ಬಂದಾಗ, 1951ರಲ್ಲಿ ಆಸಕ್ತರು ಸೇರಿ ಅದನ್ನು ತಾವೇ ನಡೆಸತೊಡಗಿದರು. ಸ್ವಯಂಸೇವಕರು ಉಳಿಸಿಕೊಂಡ ಜಗತ್ತಿನ ಮೊದಲ ರೈಲು ಅದು. ಬಾರ್ಶಿ ಲೈಟ್ ರೈಲನ್ನು ಕಟ್ಟಿದ ಇಂಗ್ಲಿಷ್ ಎಂಜಿನಿಯರ್ ಎವರಾರ್ಡ್ ಕಾಲ್ತ್ರಾಪ್ ಇಲ್ಲಿಯ ಅನುಭವದ ಬಲದಿಂದ ಇಂಗ್ಲೆಂಡಿನಲ್ಲೂ ಲೀಕ್ ಆ್ಯಂಡ್ ಮ್ಯಾನಿಫೋಲ್ಡ್ ಎಂಬ ಇಂಥದೇ ಕಿರು ರೈಲನ್ನು ಹಾಕಿದ್ದನು. 1904ರಲ್ಲಿ ತೆರೆದ ಅದು 1934ರಲ್ಲಿ ಮುಚ್ಚಿತು. ಸ್ವಯಂಸೇವಕರ ಕಾಲ ಇನ್ನೂ ಬಂದಿರಲಿಲ್ಲವಾದ್ದರಿಂದ ಉಳಿಸುವವರು ಯಾರೂ ಇರಲಿಲ್ಲ. ಈಗ ಆ ಹಳಿಯ ಜಾಗದಲ್ಲಿ ಜನ ನಡೆದಾಡುವ ದಾರಿಯಿದೆ.

ವೇಲ್ಸ್‌ನ ಬ್ಯಾರಿ ಎಂಬ ಊರಿನ ಗುಜರಿ ಅಂಗಳದ ಸಂಗತಿ ಇದಕ್ಕಿಂತ ವಿಚಿತ್ರವಾದುದು. ಬ್ರಿಟಿಷ್ ರೈಲ್ವೆ ಹೊರಹಾಕಿದ 297 ಉಗಿ ಎಂಜಿನ್‌ಗಳನ್ನು ಅಲ್ಲಿಯ ವ್ಯಾಪಾರಿ ಕೊಂಡಿದ್ದನು. ಆದರೆ ಒಡೆಯಲು ಸುಲಭವಾದ ಹಳೆಯ ವ್ಯಾಗನ್‌ಗಳೇ ಕೈತುಂಬ ಇದ್ದುದರಿಂದ ಎಂಜಿನ್‌ಗಳ ಸರದಿ ಮುಂದೆ ಮುಂದೆ ಹೋಯಿತು. 1968ರಿಂದ ಸ್ವಯಂಸೇವಕರ ತಂಡಗಳು ಒಂದೊಂದನ್ನೇ ಕೊಂಡೊಯ್ಯತೊಡಗಿ, ಕೊನೆಗೆ 213 ಎಂಜಿನ್‌ಗಳು ಕುಲುಮೆಯಿಂದ ಪಾರಾದವು. ಅವುಗಳಲ್ಲಿ ‘ಡ್ಯೂಕ್ ಆಫ್ ಗ್ಲಾಸ್ಟರ್’ ಎಂಬುದನ್ನು 1974ರಲ್ಲಿ ಒಯ್ದಾಗ ಅದಕ್ಕೆ ಸಿಲಿಂಡರುಗಳೇ ಸರಿಯಾಗಿ ಇರಲಿಲ್ಲ. ಒಂದನ್ನು ವಸ್ತುಸಂಗ್ರಹಾಲಯಕ್ಕಾಗಿ ಕತ್ತರಿಸಿ ಒಯ್ಯಲಾಗಿತ್ತು. ಇಲ್ಲದ ಭಾಗಗಳನ್ನು ಹೊಸದಾಗಿ ಮಾಡಿಸಿ 1986ರಲ್ಲಿ ಅದನ್ನು ಓಡಿಸಿದರು. 1954ರಲ್ಲಿ ತಯಾರಾದ ಈ ಎಂಜಿನ್ ತನ್ನ ಸೇವೆಯ ದಿನಗಳಲ್ಲಿ ಸರಿಯಾಗಿ ಉಗಿ ಕೊಡುವುದಿಲ್ಲವೆಂಬ ಅಪಖ್ಯಾತಿ ಪಡೆದಿತ್ತು. ಬೆಂಕಿಗೆ ಗಾಳಿ ಬಿಡುವ ಕಿಂಡಿಗಳನ್ನು ಇರಬೇಕಾದುದಕ್ಕಿಂತ ಚಿಕ್ಕದಾಗಿ ಮಾಡಿದ್ದೇ ಅದಕ್ಕೆ ಒಂದು ಕಾರಣವೆಂದು ಪುನಶ್ಚೇತನದ ಕಾಲದಲ್ಲಿ ತಿಳಿದುಬಂತು. ಮೊದಲ ಕಾರ್ಖಾನೆ ಬಿಟ್ಟುಹೋಗಿದ್ದ ದೋಷವನ್ನು ಮೂರು ದಶಕಗಳ ಬಳಿಕ ಸಂಬಳವಿಲ್ಲದ ತಂಡವೊಂದು ಸರಿಪಡಿಸಿತು.

ಹಣದ ವ್ಯವಸ್ಥೆಗೆ ‘ಟೊರ್ನೆಡೊ’ ಎಂಜಿನ್ ಒಳ್ಳೆಯ ಉದಾಹರಣೆ. ಒಂದೂ ಉಳಿಯದೆ ಗುಜರಿಗೆ ಹೋಗಿದ್ದ ವರ್ಗವೊಂದರ ಎಂಜಿನ್ನನ್ನು ಹೊಸದಾಗಿಯೇ ಕಟ್ಟಲು 1990ರಲ್ಲಿ ಟ್ರಸ್ಟ್ ಒಂದು ಹುಟ್ಟಿಕೊಂಡಿತು. ವಾರಕ್ಕೊಂದು ಲೋಟ ಬಿಯರ್‌ನ ಬೆಲೆಯಷ್ಟನ್ನು ಕೊಡಿ ಎಂದು ಅದು ಜನರನ್ನು ಕೇಳಿತು. ಸುಮಾರು 30 ಲಕ್ಷ ಪೌಂಡ್ ಖರ್ಚಿನಲ್ಲಿ ಎಂಜಿನ್ 2008ರಲ್ಲಿ ಹಳಿಗಿಳಿಯಿತು. ಆದರೆ ಅದರ ಬಾಯ್ಲರನ್ನು ಸ್ವಯಂಸೇವಕರು ಮಾಡಲಿಲ್ಲ, ಜರ್ಮನಿಯ ಮೈನಿಂಗೆನ್ ಕಾರ್ಖಾನೆಯಲ್ಲಿ ಮಾಡಿಸಿದರು. ಸ್ವಯಂಸೇವೆ ಎಂದರೆ ಎಲ್ಲವನ್ನೂ ತಾವೇ ಮಾಡುವುದೆಂದು ಅರ್ಥವಲ್ಲ. ಬಿಚ್ಚುವುದು, ಶುಚಿಗೊಳಿಸುವುದು, ದಾಖಲಿಸುವುದು, ಜೋಡಿಸುವುದು ಅವರ ಪಾಲಿಗೆ, ಬಾಯ್ಲರಿನ ಬೆಸುಗೆ ಮತ್ತು ತಪಾಸಣೆ ಪರಿಣತರ ಪಾಲಿಗೆ ಎಂಬುದು ಸಾಮಾನ್ಯ ಹಂಚಿಕೆ.

ಭಾರತದಲ್ಲಿ ಈ ಕೆಲಸ ಯಾರದು?

ನಮ್ಮಲ್ಲಿ ಪರಂಪರೆಯ ಎಂಜಿನ್‌ಗಳಿಗೆ ಜೀವ ಕೊಟ್ಟಿರುವುದು ಹೆಚ್ಚಾಗಿ ರೈಲ್ವೆಯ ಸ್ವಂತ ವರ್ಕ್‌ಶಾಪ್‌ಗಳೇ. 1855ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ತಯಾರಾದ ‘ಫೇರಿ ಕ್ವೀನ್’ ಚೆನ್ನೈನ ಪೆರಂಬೂರು ವರ್ಕ್‌ಶಾಪಿನಲ್ಲಿ ದುರಸ್ತಿಯಾಗಿ 1997ರಲ್ಲಿ ಮತ್ತೆ ಗಾಡಿ ಎಳೆಯಿತು. ಹರಿಯಾಣದ ರೇವಾಡಿಯಲ್ಲಿ ಉಗಿ ಎಂಜಿನ್‌ಗಳಿಗೆಂದೇ ಒಂದು ಶೆಡ್ ಉಳಿದಿದೆ. ನೀಲಗಿರಿಯ ಮಲೆ ರೈಲಿಗೆ ಸ್ವಿಟ್ಜರ್ಲೆಂಡಿನಿಂದ ಬಂದಿದ್ದ ‘ಎಕ್ಸ್’ ವರ್ಗದ ಎಂಜಿನ್‌ಗಳು ಹಳೆಯದಾದಾಗ ತಿರುಚಿರಾಪಳ್ಳಿಯ ಪೊನ್ಮಲೈ ವರ್ಕ್‌ಶಾಪ್ ಎಣ್ಣೆಯಿಂದ ಉರಿಯುವ ಹೊಸ ಎಂಜಿನ್‌ಗಳನ್ನೇ ಕಟ್ಟಿಕೊಟ್ಟಿತು. ಎಂಜಿನ್, ಹಳಿ, ಸುರಕ್ಷತೆಯ ಅನುಮತಿ ಮೂರೂ ರೈಲ್ವೆಯ ಕೈಯಲ್ಲೇ ಇರುವುದರಿಂದ ಹೊರಗಿನ ಆಸಕ್ತರು ರೈಲ್ವೆಯೊಂದಿಗೆ ಸೇರಿಯೇ ಕೆಲಸ ಮಾಡಬೇಕಾಗುತ್ತದೆ.

ಬಾರ್ಶಿ ಲೈಟ್ ಮತ್ತೆ ಓಡಬಹುದೇ?

ಬಾಯ್ಲರಿನ ಪ್ರಶ್ನೆ ಬಗೆಹರಿದರೂ ಇಲ್ಲಿ ಹಳಿಯ ಪ್ರಶ್ನೆ ಉಳಿಯುತ್ತದೆ. ಬಾರ್ಶಿಯ ಹಳಿಯ ಅಗಲ 762 ಮಿಲಿಮೀಟರ್. ಲಾತೂರಿನಿಂದ ಪಂಢರಪುರದ ಮೂಲಕ ಮೀರಜಿನವರೆಗೆ ಹರಡಿದ್ದ ಆ ಮಾರ್ಗವೆಲ್ಲ ಈಗ 1,676 ಮಿಲಿಮೀಟರಿನ ಬ್ರಾಡ್‌ಗೇಜ್ ಆಗಿದೆ. ಹೋಟಗಿಯ ಮೀಟರ್‌ಗೇಜಿನ ಗತಿಯೂ ಅದೇ. ಹಾಗಾಗಿ ನ್ಯಾರೋಗೇಜ್ ಎಂಜಿನ್ ಓಡಬೇಕಾದರೆ ಅದಕ್ಕಾಗಿಯೇ ಪ್ರತ್ಯೇಕ ತುಂಡು ಹಳಿ ಹಾಕಬೇಕು. ತಾಂತ್ರಿಕವಾಗಿ ಇದು ಅಸಾಧ್ಯವೇನಲ್ಲ. ಒಂದು ಅಚ್ಚಿನ ಮೇಲೆ ಐದು ಟನ್ನಿಗಿಂತ ಹೆಚ್ಚು ಭಾರ ಬೀಳದಂತೆ ಕಾಲ್ತ್ರಾಪ್ ಇಡೀ ವ್ಯವಸ್ಥೆಯನ್ನು ರೂಪಿಸಿದ್ದರಿಂದ ಹಗುರವಾದ ಹಳಿಯೇ ಸಾಕಾಗುತ್ತಿತ್ತು. ಇದೇ ಅಗಲದ ವೇಲ್ಸ್‌ನ ವೆಲ್ಷ್‌ಪೂಲ್ ಮಾರ್ಗವನ್ನು 1963ರಿಂದ ಸ್ವಯಂಸೇವಕರು ನಡೆಸುತ್ತಿದ್ದಾರೆ.

ಓಡಿಸುವವರ ಪ್ರಶ್ನೆ ಇನ್ನೊಂದು. ಉಗಿ ಎಂಜಿನ್ ಕೀಲಿ ತಿರುಗಿಸಿದ ಕೂಡಲೇ ಹೊರಡುವುದಿಲ್ಲ. ತಣ್ಣಗಿದ್ದ ಬಾಯ್ಲರನ್ನು ಅವಸರದಿಂದ ಕಾಯಿಸಿದರೆ ಲೋಹ ಒಂದೊಂದು ಕಡೆ ಒಂದೊಂದು ಪ್ರಮಾಣದಲ್ಲಿ ಹಿಗ್ಗಿ ಬಿರುಕು ಬಿಡುವುದರಿಂದ, ಹಿಂದಿನ ದಿನವೇ ಸಣ್ಣ ಬೆಂಕಿ ಹಾಕಿ ನಿಧಾನವಾಗಿ ಹದಕ್ಕೆ ತರಬೇಕು. ನಮ್ಮ ಲೋಕೋ ಶೆಡ್‌ಗಳಲ್ಲಿ ಕ್ಲೀನರ್ ಆಗಿ ಸೇರಿದವನು ಫೈರ್‌ಮನ್ ಆಗಿ, ಆಮೇಲೆ ಡ್ರೈವರ್ ಆಗುತ್ತಿದ್ದನು. ಪರಂಪರೆ ರೈಲುಗಳ ಸ್ವಯಂಸೇವಕರೂ ಇಂದಿಗೂ ಇದೇ ಮೆಟ್ಟಿಲುಗಳನ್ನು ಹತ್ತುತ್ತಾರೆ. ಭಾರತದ ಬ್ರಾಡ್‌ಗೇಜ್‌ನಲ್ಲಿ ಉಗಿ ಸಂಚಾರ 1995ರಲ್ಲಿ ಕೊನೆಗೊಂಡಿದ್ದರಿಂದ, ಆಗ ಸಲಿಕೆ ಹಿಡಿದಿದ್ದ ಫೈರ್‌ಮನ್‌ಗಳಲ್ಲಿ ಹೆಚ್ಚಿನವರು ಇಂದು ನಿವೃತ್ತಿಯ ಅಂಚಿನಲ್ಲಿದ್ದಾರೆ ಅಥವಾ ಅದನ್ನು ದಾಟಿದ್ದಾರೆ. ಕುರ್ಡುವಾಡಿ, ಹೋಟಗಿ, ಸೊಲ್ಲಾಪುರದ ರೈಲ್ವೆ ಕುಟುಂಬಗಳಲ್ಲಿ ಇಂಥವರು ಇದ್ದರೆ ಯಾವ ಕಲ್ಲಿದ್ದಲಿಗೆ ಬೆಂಕಿಯ ಹಾಸು ಎಷ್ಟು ದಪ್ಪ ಇಡುತ್ತಿದ್ದರು, ಈ ಭಾಗದ ಗಡಸು ನೀರಿಗೆ ಬಾಯ್ಲರನ್ನು ಎಷ್ಟು ದಿನಕ್ಕೊಮ್ಮೆ ತೊಳೆಯುತ್ತಿದ್ದರು, ಏರು ಬರುವ ಮುನ್ನ ಬಾಯ್ಲರಿನ ನೀರನ್ನು ಮಟ್ಟ ತೋರಿಸುವ ಗಾಜಿನ ಕೊಳವೆಯಲ್ಲಿ ಎಲ್ಲಿಯವರೆಗೆ ತರುತ್ತಿದ್ದರು ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದಿಡುವ ಕೆಲಸಕ್ಕೆ ವರ್ಕ್‌ಶಾಪೂ ಬೇಡ, ಅನುಮತಿಯೂ ಬೇಡ.